ಮಗಳಿಗೆ ಹನ್ನೊಂದು ಗುಣವಾಚಕ

ನನ್ನ ಮಗಳ ಸ್ಪ್ಯಾನಿಷ್ ತರಗತಿಗೆ ನಾನು ಸೇರಿದ್ದು ಭಾಷೆ ಕಲಿಯಲಿಕ್ಕಲ್ಲ, ಕುರ್ಚಿ ತುಂಬಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಐವತ್ತೇಳನೆಯ ವಯಸ್ಸಿನಲ್ಲಿ ಹೊಸ ಭಾಷೆಯ ಮೇಲೆ ಪ್ರೀತಿ ಉಕ್ಕಿ ಬಂತು ಎಂದು ಬರೆದರೆ ನೀವು ನಂಬಿದರೂ ನಂಬಬಹುದು, ನನ್ನನ್ನು ಬಲ್ಲವರು ಮಾತ್ರ ಬಿದ್ದು ಬಿದ್ದು ನಗುತ್ತಾರೆ.

ನಾನು ಹಾವೇರಿ ಕಡೆಯವಳು. ಇಪ್ಪತ್ತಾರು ವರ್ಷಗಳಿಂದ ಬನಾರಸಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಅವುಗಳ ಎಲೆ ಹೇಗಿದೆ, ಕಾಂಡ ಹೇಗಿದೆ ಎಂದು ಕೆಳಗೆ ಬರೆದಿಡುವುದು ನನ್ನ ಕಸುಬು. ಮನೆ ಜಂಗಮವಾಡಿಯ ಒಂದು ಗಲ್ಲಿಯಲ್ಲಿ. ಕ್ಯಾಂಪಸ್ಸಿನೊಳಗೆ ಕ್ವಾರ್ಟರ್ಸ್ ಸಿಗುತ್ತಿತ್ತು. ಆದರೆ ಇಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಪಕ್ಕದ ವೀರಶೈವ ಮಠಕ್ಕೆ ಬಂದ ಯಾತ್ರಿಕರು ಒಬ್ಬರನ್ನೊಬ್ಬರು ಕನ್ನಡದಲ್ಲಿ ಕೂಗಿ ಕರೆಯುವುದು ಕಿವಿಗೆ ಬೀಳುತ್ತದೆ. ಆ ಒಂದು ಆಸೆಗೆ ಇಕ್ಕಟ್ಟಾದ ಮೆಟ್ಟಿಲು, ಮಂಗಗಳು, ಬಾಗಿಲಿಗೆ ಅಡ್ಡ ಮಲಗುವ ಗೂಳಿ, ಎಲ್ಲವನ್ನೂ ಸಹಿಸಿಕೊಂಡಿದ್ದೇನೆ.

ಮಗಳು ಹುಟ್ಟಿ ಬೆಳೆದದ್ದು ಇದೇ ಗಲ್ಲಿಯಲ್ಲಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನನ್ನನ್ನು ಮಮ್ಮಿ ಎನ್ನುತ್ತಾಳೆ. ಅವ್ವ ಎನ್ನಿಸಬೇಕೆಂದು ಅವಳಿಗೆ ಮಾತು ಬಂದಾಗಿನಿಂದ ಹೆಣಗಿದ್ದೇನೆ. ಗಲ್ಲಿಯ ಮಕ್ಕಳೆಲ್ಲ ಒಂದು ಕಡೆ, ನಾನೊಬ್ಬಳು ಒಂದು ಕಡೆ. ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ. ಅವಳ ಅಪ್ಪನಿಗೆ ಭೋಪಾಲದಲ್ಲಿ ನೌಕರಿ. ತಿಂಗಳಿಗೊಮ್ಮೆ ಬಂದು ಇಬ್ಬರ ದೂರನ್ನೂ ಸಮನಾಗಿ ಕೇಳಿಸಿಕೊಂಡು ಹೋಗುತ್ತಾರೆ.

ಸ್ಪ್ಯಾನಿಷ್‌ನಲ್ಲಿ ಎಂ.ಎ. ಮುಗಿಸಿದ ಮಗಳಿಗೆ ಗುರುಗ್ರಾಮದ ಒಂದು ಕಂಪನಿಯಿಂದ ಕೆಲಸದ ಪತ್ರ ಬಂದಿತ್ತು. ಎಲ್ಲೋ ದೂರದ ದೇಶದಲ್ಲಿ ತೊಳೆಯುವ ಯಂತ್ರ ಕೆಟ್ಟು ಸಿಟ್ಟಾದ ಗಿರಾಕಿಗಳನ್ನು ಫೋನಿನಲ್ಲಿ ಸಮಾಧಾನ ಮಾಡುವ ಕೆಲಸ. ಅವಳಿಗೆ ಅದು ಬೇಡವಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಕಲಿಸುವುದು. ವಿಶ್ವವಿದ್ಯಾಲಯದ ಎದುರಿನ ಲಂಕಾ ಬಡಾವಣೆಯಲ್ಲಿ, ಪುಸ್ತಕದಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿದ್ದ ಒಂದು ಕೋಚಿಂಗ್ ಸೆಂಟರಿನಲ್ಲಿ ಸಂಜೆ ಐದರಿಂದ ಆರೂವರೆವರೆಗೆ ಖಾಲಿ ಬೀಳುವ ಕೋಣೆಯೊಂದನ್ನು ಗಿಟ್ಟಿಸಿಕೊಂಡಳು. ಸೆಂಟರಿನ ಮಾಲೀಕರನ್ನು ಎಲ್ಲರೂ ಡೈರೆಕ್ಟರ್ ಸಾಹೇಬರು ಎನ್ನುತ್ತಾರೆ. ಅವರದು ಒಂದೇ ಕರಾರು. ತಿಂಗಳ ಕೊನೆಗೆ ತಾವೇ ಬಂದು ಪಾಠ ನೋಡುತ್ತಾರೆ. ಆಗ ಎಂಟು ತಲೆ ಇರಬೇಕು. ಏಳಾದರೆ ಕೋಣೆ ಬ್ಯಾಂಕ್ ಪರೀಕ್ಷೆಯ ರೀಸನಿಂಗ್ ಬ್ಯಾಚಿಗೆ ಹೋಗುತ್ತದೆ, ಮಗಳು ಗುರುಗ್ರಾಮಕ್ಕೆ ಹೋಗುತ್ತಾಳೆ.

ಎಂಟು ಜನ ಸೇರಿಯೂ ಇದ್ದರು. ಅವರಲ್ಲಿ ಒಬ್ಬರು ರೈಲ್ವೆಯಿಂದ ನಿವೃತ್ತರಾದವರು. ಮೂರನೆಯ ದಿನ ಅವರ ಮೊಣಕಾಲು ಎರಡು ಮಹಡಿಗೆ ಒಪ್ಪಲಿಲ್ಲ. ಅಂದು ಸಂಜೆ ಮಗಳು ಮನೆಗೆ ಬಂದು ಚಪ್ಪಲಿ ಬಿಚ್ಚದೆ ಹೊಸ್ತಿಲ ಮೇಲೆಯೇ ಕುಳಿತಳು. ಅವಳ ಮುಖ ನೋಡಿ ತಲೆ ನೇವರಿಸಬೇಕೆನಿಸಿತು. ಬಾಯಿಂದ ಬಂದದ್ದು ಮಾತ್ರ ಬೇರೆ: “ದಾರಿಗೆ ಅಡ್ಡ ಕೂತೀಯಲ್ಲ, ಸರಿ ಅತ್ತಾಗ.” ಆಮೇಲೆ ರೊಟ್ಟಿ ಬಡಿಯುತ್ತಾ, ಆ ಎಂಟನೆಯ ತಲೆ ನನ್ನದೇ ಆಗಲಿ ಎಂದೆ.

ಅವಳು ಮೂರು ಷರತ್ತು ಹಾಕಿದಳು. ನಾನು ಅವಳ ತಾಯಿ ಎಂದು ಯಾರಿಗೂ ಗೊತ್ತಾಗಬಾರದು. ತರಗತಿಯಲ್ಲಿ ಅವಳ ದುಪಟ್ಟ ಸರಿಮಾಡಬಾರದು. ಡಬ್ಬಿಯಲ್ಲಿ ತಿಂಡಿ ತರಬಾರದು. ನಾನು ಮೂರಕ್ಕೂ ಒಪ್ಪಿದೆ. ಮೂರನೆಯದನ್ನು ಮೊದಲ ವಾರವೇ ಮುರಿದೆ, ಆದರೆ ಯಾರಿಗೂ ಅನುಮಾನ ಬರಬಾರದೆಂದು ಇಡೀ ತರಗತಿಗೆ ಒಗ್ಗರಣೆ ಮಂಡಕ್ಕಿ ಒಯ್ದೆ. ಇಂಥ ಮುಂಜಾಗ್ರತೆ ನನಗೆ ಚೆನ್ನಾಗಿ ಹೊಳೆಯುತ್ತದೆ.

ಹೀಗೆ ಶುರುವಾಯಿತು ನಮ್ಮ ನಾಟಕ. ಗೊದೌಲಿಯಾದಿಂದ ಅವಳು ಒಂದು ಟೋಟೋದಲ್ಲಿ ಹೋದರೆ, ಬ್ಯಾಟರಿಯ ಆ ಪುಟ್ಟ ರಿಕ್ಷಾ ಕಣ್ಮರೆಯಾಗುವವರೆಗೆ ನಾನು ಪಾನಿನಂಗಡಿಯ ಮುಂದೆ ನಿಂತಿದ್ದು ಇನ್ನೊಂದನ್ನು ಹತ್ತುತ್ತಿದ್ದೆ. ಒಂದೇ ಮನೆಯಿಂದ ಹೊರಟು, ಒಂದೇ ಕೋಣೆಗೆ ಹೋಗಿ, ಅಪರಿಚಿತರಂತೆ ನಮಸ್ಕಾರ ಮಾಡಿಕೊಳ್ಳುತ್ತಿದ್ದೆವು. ಅವಳು ನನ್ನನ್ನು ಸೆನ್ಯೋರಾ ಎಂದು ಕರೆಯುತ್ತಿದ್ದಳು. ಸ್ಪ್ಯಾನಿಷ್‌ನಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರಂತೆ. ನಾನು ಅವಳನ್ನು ಮ್ಯಾಡಮ್ ಎನ್ನುತ್ತಿದ್ದೆ. ನಗು ತಡೆದುಕೊಳ್ಳುವುದೇ ಕಷ್ಟವಾಗುತ್ತಿತ್ತು, ನನಗೆ. ಅವಳಿಗೆ ಅಷ್ಟೇನೂ ಕಷ್ಟವಾದಂತೆ ಕಾಣಲಿಲ್ಲ.

ತರಗತಿಯಲ್ಲಿ ನನ್ನ ಪಕ್ಕದ ಕುರ್ಚಿ ಒಬ್ಬ ಗೈಡನದು. ಮೂವತ್ತು ದಾಟಿದ ಗಂಡಸು. ಅಸ್ಸಿ ಘಾಟಿನಲ್ಲಿ ಸ್ವಂತ ದೋಣಿ ಇಟ್ಟುಕೊಂಡು ಹೊರದೇಶದವರಿಗೆ ಘಾಟುಗಳನ್ನು ತೋರಿಸುತ್ತಿದ್ದ. ಸ್ಪೇನಿನ ಕಡೆಯವರು ಬಂದಾಗ ಕೈಸನ್ನೆಯಲ್ಲಿ ಎಷ್ಟು ಪುರಾಣ ಹೇಳಲಾಗುತ್ತದೆ ಎಂಬುದು ಅವನ ಕಷ್ಟ. ಉಳಿದವರು ಒಬ್ಬಳು ಹೋಟೆಲಿನ ರಿಸೆಪ್ಷನ್ನಿನ ಹುಡುಗಿ, ಐದು ಜನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಎಲ್ಲರೂ ನನ್ನನ್ನು ಆಂಟಿ ಎಂದು ಕರೆದು, ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಟ್ಟರು.

ಎರಡನೆಯ ವಾರ ಗುಣವಾಚಕಗಳು ಬಂದವು. ನನಗೆ ಒಳಗೊಳಗೇ ಅಳುಕು. ಕನ್ನಡದಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಹುಣಸೆಹಣ್ಣು. ಒಳ್ಳೆಯ ಎನ್ನುವುದು ಯಾರಿಗಾಗಿಯೂ ವೇಷ ಬದಲಿಸುವುದಿಲ್ಲ. ಹಿಂದಿಯಲ್ಲಿ ಹಾಗಲ್ಲ. ತರಕಾರಿಗಳಲ್ಲೂ ಗಂಡು ಹೆಣ್ಣು ಇರುತ್ತವೆ, ಅದಕ್ಕೆ ತಕ್ಕಂತೆ ಅಚ್ಛಾ ಅಥವಾ ಅಚ್ಛೀ ಅನ್ನಬೇಕು. ಇಪ್ಪತ್ತಾರು ವರ್ಷಗಳಿಂದ ನಾನು ಬೆಂಡೆಕಾಯಿಯನ್ನು ಗಂಡಾಗಿ ಮಾಡಿ ಕೊಳ್ಳುತ್ತಿದ್ದೇನೆ, ತರಕಾರಿಯವನು ಇಪ್ಪತ್ತಾರು ವರ್ಷಗಳಿಂದ ತಿದ್ದುತ್ತಿದ್ದಾನೆ. ಈಗ ಮಗಳು ಬಿಳಿ ಹಲಗೆಯ ಮೇಲೆ, ಸ್ಪ್ಯಾನಿಷ್‌ನಲ್ಲೂ ಅದೇ ಕಥೆ, ಬಿಳಿ ಮನೆ ಬ್ಲಾಂಕಾ ಆದರೆ ಬಿಳಿ ಪುಸ್ತಕ ಬ್ಲಾಂಕೊ, ಅದೂ ಹೆಸರು ಮೊದಲು, ಗುಣ ಆಮೇಲೆ ಎಂದು ಬರೆದಾಗ, ಇಲ್ಲಿಗೆ ನನ್ನ ಕತೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಹಲಗೆಯನ್ನೇ ನೋಡುತ್ತಾ ಕುಳಿತವಳಿಗೆ, ಅರೆ, ಇದು ನನ್ನ ಹಾಳೆಗಳ ಭಾಷೆಯಲ್ಲವೇ ಅನಿಸಿತು. ಗಿಡಗಳ ಶಾಸ್ತ್ರೀಯ ಹೆಸರುಗಳು ಇರುವುದೇ ಹೀಗೆ. ಕಪ್ಪು ಹಿಪ್ಪುನೇರಳೆಗೆ ಮೋರಸ್ ನೈಗ್ರಾ, ಗಣಿಕೆ ಸೊಪ್ಪಿಗೆ ಸೊಲ್ಯಾನಮ್ ನೈಗ್ರಮ್. ಹೆಸರು ಮುಂದೆ, ಗುಣ ಹಿಂದೆ, ಹೆಸರಿಗೆ ತಕ್ಕ ಬಾಲ. ಅರಳಿಮರ ರಿಲಿಜಿಯೋಸಾ, ಮುಟ್ಟಿದರೆ ಮುನಿ ಪುಡಿಕಾ. ಮೂವತ್ತು ವರ್ಷ ನಾನು ಬರೆದದ್ದೆಲ್ಲ ಇದನ್ನೇ. ಅಂದಿನಿಂದ ಗುಣವಾಚಕದ ಯಾವ ಪ್ರಶ್ನೆ ಬಂದರೂ ಎಲ್ಲರಿಗಿಂತ ಮೊದಲು ನನ್ನ ಕೈ ಮೇಲೇಳುತ್ತಿತ್ತು. ವಿದ್ಯಾರ್ಥಿಗಳು ನನ್ನ ಪುಸ್ತಕ ಇಣುಕಿ ನೋಡಿ ಬರೆದುಕೊಳ್ಳತೊಡಗಿದರು. ನಾನು ತಡೆಯಲಿಲ್ಲ. ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಆ ಜಂಬವೇ ಮುಳುವಾಯಿತು. ಶುಕ್ರವಾರ ಮಗಳು ಮನೆಪಾಠ ಕೊಟ್ಟಳು. ಕುಟುಂಬದ ಒಬ್ಬರನ್ನು ಆರಿಸಿಕೊಂಡು ಐದು ಗುಣವಾಚಕಗಳಲ್ಲಿ ವರ್ಣಿಸಬೇಕು, ಸೋಮವಾರ ಎದ್ದು ನಿಂತು ಹೇಳಬೇಕು. ಗಂಡನನ್ನು ಆರಿಸಿಕೊಳ್ಳಬಹುದಿತ್ತು, ಆದರೆ ತಿಂಗಳಿಗೊಮ್ಮೆ ಕಾಣುವ ಮನುಷ್ಯನಿಗೆ ಎರಡಕ್ಕಿಂತ ಹೆಚ್ಚು ಹೊಳೆಯಲಿಲ್ಲ. ಮಗಳ ವಿಷಯಕ್ಕೆ ಬಂದರೆ ಪೆನ್ನು ನಿಲ್ಲಲೇ ಇಲ್ಲ. ನಿಘಂಟು ತೆರೆದಿಟ್ಟುಕೊಂಡು ಹನ್ನೊಂದು ಬರೆದೆ.

ಸೋಮವಾರ ಎದ್ದು ನಿಂತೆ. ನನಗೊಬ್ಬ ಮಗಳಿದ್ದಾಳೆ ಎಂದು ಶುರುಮಾಡಿದೆ. ಅವಳು ಫ್ಲಾಕಾ, ಒಣಕಲು. ಮೊರೆನಾ, ಕಪ್ಪು. ತೆರ್ಕಾ, ಹಟಮಾರಿ. ಪೆರೆಸೋಸಾ, ಸೋಮಾರಿ. ಮುಂದೆ ಗಲೀಜು, ಮರೆಗುಳಿ, ನಿದ್ದೆಬುರುಕಿ, ಕಿರುಚಾಳಿ, ಹೀಗೆ ಹನ್ನೊಂದೂ. ಹನ್ನೊಂದಕ್ಕೂ ಹೆಣ್ಣಿಗೆ ತಕ್ಕ ಬಾಲ ಸರಿಯಾಗಿ ಹಚ್ಚಿದ್ದೆ. ಒಂದು ತಪ್ಪಿಲ್ಲ. ನಿರರ್ಗಳವಾಗಿ ಹೇಳಿ ಮುಗಿಸಿ, ಶಭಾಷ್‌ಗಿರಿಗೆ ಕಾಯುತ್ತಾ ನಿಂತೆ.

ರಿಸೆಪ್ಷನ್ನಿನ ಹುಡುಗಿ ನನ್ನನ್ನು ನೋಡಿದ ರೀತಿಯಲ್ಲಿ, ಎಲ್ಲೋ ಇರುವ ಆ ಬಡಪಾಯಿ ಮಗಳ ಮೇಲಿನ ಕನಿಕರವಿತ್ತು. ಆ ಬಡಪಾಯಿ ಮಗಳು ಹಲಗೆಯ ಮುಂದೆ ಮಾರ್ಕರ್ ಹಿಡಿದು ನಿಂತಿದ್ದಳು. “ಮುಯ್ ಬಿಯೆನ್, ಸೆನ್ಯೋರಾ,” ಎಂದಳು. ಬಹಳ ಚೆನ್ನಾಗಿದೆ ಎಂದರ್ಥ. ಅವಳ ಕಿವಿಯ ತುದಿ ಕೆಂಪಾಗಿತ್ತು.

ಬೈದೆ ಎಂದು ನನಗೆ ನಿಜವಾಗಿ ಅನಿಸಿರಲಿಲ್ಲ. ಇದನ್ನು ಬನಾರಸಿನಲ್ಲಿ ಬೆಳೆದ, ಇಂಗ್ಲಿಷ್ ಸಿನಿಮಾ ನೋಡಿದ ಹುಡುಗಿಗೆ ಹೇಗೆ ಹೇಳುವುದು? ನಮ್ಮ ಮನೆಯಲ್ಲಿ ಹೆತ್ತವರು ಮಕ್ಕಳನ್ನು ಹೊಗಳುವ ಪದ್ಧತಿಯೇ ಇರಲಿಲ್ಲ. ನಮ್ಮಜ್ಜಿಗೆ ಕೂಸು ದುಂಡಗಿದೆ ಎಂದು ಯಾರಾದರೂ ಅಂದರೆ ಸಾಕು, ಎಲ್ಲಿ ದುಂಡಗೆ, ಏನೂ ತಿನ್ನುವುದಿಲ್ಲ, ಕೋತಿಯಂತಿದೆ ಎಂದು ತಟ್ಟನೆ ಅನ್ನುತ್ತಿದ್ದಳು. ನಾನು ಶಾಲೆಗೆ ಮೊದಲಿಗಳಾಗಿ ಬಂದ ದಿನ ಓಣಿಯವರೆಲ್ಲ ಕೇಳುವಂತೆ ನನ್ನನ್ನು ದಡ್ಡಿ ಎಂದು ಕರೆದಳು. ಹೊಗಳಿದ ನಾಲಿಗೆಯಿಂದಲೇ ಮೊದಲು ದೃಷ್ಟಿ ಆಗುವುದು, ಅದರಲ್ಲೂ ತಾಯಿಯ ದೃಷ್ಟಿ ಎಲ್ಲಕ್ಕಿಂತ ಗಟ್ಟಿ ಎಂದು ಅವಳ ನಂಬಿಕೆ. ಯಾರಾದರೂ ಬಾಯಿತಪ್ಪಿ ಹೊಗಳಿದರೆ ಅಂಗೈಗಳಿಂದ ನನ್ನ ಮುಖ ಸವರಿ, ಬೆರಳು ಮಡಚಿ ತನ್ನ ಕಣತಲೆಗೆ ಒತ್ತಿ ಲಟಲಟ ನೆಟಿಕೆ ಮುರಿಯುತ್ತಿದ್ದಳು. ಎಷ್ಟು ಬೆರಳು ಲಟಕ್ಕೆಂದವೋ ಅಷ್ಟು ದೃಷ್ಟಿ ಇಳಿಯಿತು ಎಂದು ಲೆಕ್ಕ.

ಇದನ್ನೆಲ್ಲ ನಾನು ನಂಬುವುದಿಲ್ಲ. ನಾನು ವಿಜ್ಞಾನಿ. ಆದರೆ ನಂಬದಿದ್ದರೂ ಪಾಲಿಸುವ ಎಷ್ಟೋ ಸಂಗತಿಗಳಿರುತ್ತವೆ. ಮಗಳು ಹುಟ್ಟಿದಂದಿನಿಂದ ಅವಳ ಬಗ್ಗೆ ಒಂದು ಒಳ್ಳೆಯ ಮಾತೂ ನನ್ನ ಬಾಯಿಂದ ಬಂದಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ.

ಅಂದು ಸಂಜೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹನ್ನೊಂದರಲ್ಲಿ ಒಂದೂ ಒಳ್ಳೆಯದಿರಲಿಲ್ಲ ಮಮ್ಮಿ ಎಂದು ಹಿಂದಿಯಲ್ಲಿ ಹೇಳಿದಳು. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಿ ಇಬ್ಬರೂ ಹಗುರಾಗುತ್ತಿದ್ದೆವು.

“ಹೆತ್ತಾಕಿ ಬಾಯಿಂದ ಮಕ್ಕಳನ್ನ ಹೊಗಳಬಾರದವ್ವಾ,” ಎಂದೆ. “ದೃಷ್ಟಿ ಆಗತೈತಿ.”

ನೀನು ಸೈಂಟಿಸ್ಟ್ ಅಲ್ಲವೇ ಎಂದು ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಸಿಕ್ಕಿಬಿದ್ದಾಗ ನನಗೆ ಯಾವಾಗಲೂ ಸಿಟ್ಟು ಬರುತ್ತದೆ. ಹೇಳಿದ್ದರಲ್ಲಿ ಸುಳ್ಳು ಯಾವುದು, ನಿನ್ನ ಕೋಣೆ ಹೋಗಿ ನೋಡು, ಮಂಚ ಎಲ್ಲಿದೆ ಬಟ್ಟೆ ಎಲ್ಲಿದೆ ಗೊತ್ತಾಗುವುದಿಲ್ಲ ಎಂದುಬಿಟ್ಟೆ. ಅವಳು ತಿರುಗಿ ಹೋದಳು. ಮರುದಿನದಿಂದ ನನ್ನೊಂದಿಗೆ ಹಿಂದಿಯಲ್ಲಿ ‘ತುಮ್’ ಬಿಟ್ಟು ‘ಆಪ್’ ಎನ್ನತೊಡಗಿದಳು. ಆಪ್ ಊಟ ಮಾಡಿದಿರಾ, ಆಪ್ ಬೀಗ ಹಾಕಿದಿರಾ. ಮನೆಯಲ್ಲಿ ಇಷ್ಟು ಮರ್ಯಾದೆ ಸಿಕ್ಕಿದರೆ ಯಾರಿಗೆ ತಾನೇ ಅನ್ನ ಇಳಿಯುತ್ತದೆ?

ಆ ವಾರ ವಿಭಾಗದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಶಿಫಾರಸು ಪತ್ರ ಬರೆದೆ. ಶ್ರಮಜೀವಿ, ಪ್ರಾಮಾಣಿಕಳು, ಚುರುಕು ಬುದ್ಧಿಯವಳು ಎಂದು ಎರಡನೆಯ ಸಾಲಿಗೇ ಮೂರು ಗುಣವಾಚಕ ಬಿದ್ದಿದ್ದವು. ಆ ಹುಡುಗಿಯ ಮುಖ ಕೂಡ ನನಗೆ ಸರಿಯಾಗಿ ನೆನಪಿರಲಿಲ್ಲ. ಅದೇ ದಿನ, ಹಳೆಯ ಹಾಳೆಗಳಲ್ಲಿ ತುರಚೆ ಗಿಡದ್ದೊಂದು ಕೈಗೆ ಬಂತು. ಸೋಕಿದರೆ ಮೈಯೆಲ್ಲ ಉರಿಯುವ ಗಿಡ. ಅದರ ಎಲೆಯ ಅಂಚನ್ನು ಎಷ್ಟು ಅಕ್ಕರೆಯಿಂದ ಬರೆದಿದ್ದೆನೆಂದರೆ ಓದಿ ನನಗೇ ನಾಚಿಕೆಯಾಯಿತು. ಮೇಜಿನ ಮುಂದೆ ಒಬ್ಬಳೇ ಕುಳಿತು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಪಾಠಕ್ಕೆ ಹೋದೆ.

ತಿಂಗಳ ಕೊನೆಯ ಶುಕ್ರವಾರ ಡೈರೆಕ್ಟರ್ ಸಾಹೇಬರು ಬಂದರು. ಬಾಯಲ್ಲಿ ಪಾನ್ ಇದ್ದುದರಿಂದ ಅರ್ಧ ಮಾತು ಬಾಯಲ್ಲಿ, ಅರ್ಧ ಕೈಯಲ್ಲಿ. ಬಾಗಿಲಲ್ಲೇ ನಿಂತು ತಲೆ ಎಣಿಸಿದರು. ಎಂಟು. ಹಿಂದಿನ ಕುರ್ಚಿಯಲ್ಲಿ ಕುಳಿತು ಪಾಠ ಕೇಳಿದರು. ಮಗಳು ಚೆನ್ನಾಗಿಯೇ ಮಾಡಿದಳು, ಆದರೆ ಅವಳ ಬಲಗೈ ಮಾರ್ಕರಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿತ್ತು. ಚಿಕ್ಕವಳಿದ್ದಾಗ ಪರೀಕ್ಷೆಯ ಬೆಳಿಗ್ಗೆ ಹೀಗೆಯೇ ಮಾಡುತ್ತಿದ್ದಳು.

ಕೊನೆಗೆ ಡೈರೆಕ್ಟರ್ ಸಾಹೇಬರು ಪಾನ್ ಒಂದು ದವಡೆಗೆ ಸರಿಸಿ, ಪ್ರತಿಯೊಬ್ಬರೂ ತಮ್ಮ ಮ್ಯಾಡಮ್ ಹೇಗೆ ಎಂದು ಸ್ಪ್ಯಾನಿಷ್‌ನಲ್ಲಿ ಹೇಳಬೇಕು, ತಮಗೆ ಭಾಷೆ ಬರದಿದ್ದರೂ ಮುಖ ನೋಡಿ ತಿಳಿಯುತ್ತದೆ ಎಂದರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದರು. ಒಳ್ಳೆಯವಳು, ಸ್ನೇಹಮಯಿ, ಜಾಣೆ. ಗೈಡ್ ಎದೆ ಮುಂದೆ ಮಾಡಿ ಮೂರು ಹೇಳಿದ. ನನ್ನ ಸರದಿ ಬಂತು. ಎಲ್ಲರಿಗಿಂತ ಹಿರಿಯಳು, ಅದರಲ್ಲೂ ಪ್ರೊಫೆಸರ್ ಎಂದು ಡೈರೆಕ್ಟರ್ ಸಾಹೇಬರು ಮುಂದಕ್ಕೆ ಬಾಗಿ ಕುಳಿತರು. ಮಗಳು ನನ್ನ ಕುರ್ಚಿಯ ಮುಂದೆ ಒಂದೇ ಹೆಜ್ಜೆ ದೂರದಲ್ಲಿ ನಿಂತಿದ್ದಳು. ನನ್ನನ್ನು ನೋಡದೆ ನನ್ನ ಪುಸ್ತಕದ ಕಡೆ ನೋಡುತ್ತಿದ್ದಳು.

ನಾಲಿಗೆಯ ತುದಿಯಲ್ಲಿ ಆ ಹಳೆಯ ಹನ್ನೊಂದು ಸಾಲುಗಟ್ಟಿ ನಿಂತಿದ್ದವು. ಅವನ್ನು ಹೇಳಿದರೆ ಕೋಣೆ ಹೋಯಿತು. ಹೊಗಳಿದರೆ, ಅಜ್ಜಿ ಅಷ್ಟು ವರ್ಷ ನನ್ನ ತಲೆಗೆ ತುಂಬಿದ ಭಯ. ಬಾಯಿ ತೆರೆದೆ. ಲಾ ಪ್ರೊಫೆಸೋರಾ, ನಮ್ಮ ಶಿಕ್ಷಕಿ, ಎಂದೆ. ಪಾಸಿಯೆಂತೆ, ತಾಳ್ಮೆಯವಳು. ವಾಲಿಯೆಂತೆ, ಧೈರ್ಯವಂತೆ. ಅಲ್ಲಿಗೆ ಸಾಕಿತ್ತು. ಆದರೆ ಒಮ್ಮೆ ಬಾಯಿ ಬಿಚ್ಚಿದ ಮೇಲೆ ನಿಲ್ಲಿಸುವುದು ನನಗೆ ಗೊತ್ತಿಲ್ಲ. ಪ್ರಾಮಾಣಿಕಳು ಎಂದೆ, ಕರುಣೆಯುಳ್ಳವಳು ಎಂದೆ. ಕೊನೆಗೆ ಎರ್ಮೋಸಾ, ಸುಂದರಿ ಎಂದೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

ಆಮೇಲೆ ಆದದ್ದಕ್ಕೆ ನಾನು ಹೊಣೆಯಲ್ಲ, ನನ್ನ ಕೈಗಳು ಹೊಣೆ. ಅವು ತಾವಾಗಿಯೇ ಮುಂದೆ ಹೋಗಿ, ಹಣೆಯಿಂದ ಗಲ್ಲದವರೆಗೆ ಅವಳ ಮುಖ ಸವರಿ, ಬೆರಳು ಮಡಚಿಕೊಂಡು ಬಂದು ನನ್ನ ಕಣತಲೆಗೆ ಒತ್ತಿದವು. ಹತ್ತಕ್ಕೆ ಹತ್ತೂ ಲಟಲಟ ಎಂದವು. ಕೆಳಗಿನ ಪುಸ್ತಕದಂಗಡಿಗೂ ಕೇಳಿಸಿರಬೇಕು.

ಬೇರೆ ದೇಶದವರಾಗಿದ್ದರೆ ಮುದುಕಿಗೆ ತಲೆನೋವು ಎಂದುಕೊಳ್ಳುತ್ತಿದ್ದರು. ಆದರೆ ಇದು ಬನಾರಸು. ಇಲ್ಲಿಯ ತಾಯಂದಿರೂ ಹೀಗೆಯೇ ನಜರ್ ಇಳಿಸುತ್ತಾರೆ, ಯಾರು ಯಾರಿಗೆ ಇಳಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಗೈಡ್ ಮೆಲ್ಲಗೆ, “ಅರೇ, ಯೇ ತೋ ಅಮ್ಮಾ ಹೈಂ,” ಎಂದ. ಇವರು ಮ್ಯಾಡಮ್ಮಿನ ತಾಯಿ ಎಂದು. ಯಾರೂ ಅನುಮಾನ ಪಡಲಿಲ್ಲ. ಮಂಡಕ್ಕಿಯ ರಹಸ್ಯವೂ ಅವರಿಗೆ ಆಗಲೇ ತಿಳಿದುಹೋಯಿತು.

ಡೈರೆಕ್ಟರ್ ಸಾಹೇಬರು ಮಗಳನ್ನು ಕೇಳಿದರು, ಇವರು ನಿಮ್ಮ ತಾಯಿಯೇ? ಅವಳು ಹೌದೆಂದಳು. ಅವರು ಎದ್ದು ಬಂದು, ಹಾಜರಿ ಪುಸ್ತಕ ತೆಗೆದು, ನನ್ನ ಹೆಸರಿನ ಮೇಲೆ ನೀಟಾಗಿ ಒಂದು ಗೆರೆ ಎಳೆದರು. ಪಾಠದ ಬಗ್ಗೆ ತಮ್ಮದೇನೂ ತಕರಾರಿಲ್ಲ, ಆದರೆ ಕಲಿಸುವವರ ಮನೆಯವರು ಲೆಕ್ಕಕ್ಕೆ ಬರುವುದಿಲ್ಲ ಎಂದರು. ಏಳು. ಸೋಮವಾರದ ಒಳಗೆ ಎಂಟಾಗಬೇಕು, ಇಲ್ಲದಿದ್ದರೆ ರೀಸನಿಂಗ್‌ನವರು ಕಾಯುತ್ತಿದ್ದಾರೆ. ಆಗ ಗೈಡ್ ಕೈಯೆತ್ತಿ, ಕಲಿಯುವವರ ಮನೆಯವರು ಲೆಕ್ಕಕ್ಕೆ ಬರುತ್ತಾರೋ ಎಂದು ಕೇಳಿದ. ಡೈರೆಕ್ಟರ್ ಸಾಹೇಬರು ಸ್ವಲ್ಪ ಹೊತ್ತು ಪಾನ್ ಅಗಿದರು. ಬರುವುದಿಲ್ಲ ಎಂಬ ನಿಯಮ ತಮ್ಮಲ್ಲಿಲ್ಲ ಎಂದರು.

ಅಂದು ಮೊದಲ ಬಾರಿಗೆ ನಾವಿಬ್ಬರೂ ಒಂದೇ ಟೋಟೋದಲ್ಲಿ ಮನೆಗೆ ಹೊರಟೆವು. ಸೋನಾರ್‌ಪುರದಲ್ಲಿ ಗಾಡಿ ನಿಂತಿತು. ಹರಿಶ್ಚಂದ್ರ ಘಾಟಿಗೆ ಹೆಣ ಹೊತ್ತವರು ದಾಟುತ್ತಿದ್ದರು, ಹಿಂದೆ ಬರುತ್ತಿದ್ದವರು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದರು. ಮಗಳು ಹೊರಗೆ ನೋಡುತ್ತಾ, ಅಲ್ಲಿ ಹೇಳಿದ್ದು ನಿಜವೋ, ಇಲ್ಲ ಡೈರೆಕ್ಟರ್‌ಗಾಗಿ ಹೇಳಿದ್ದೋ ಎಂದು ಕೇಳಿದಳು. ಜೀವಮಾನದಲ್ಲಿ ಒಮ್ಮೆ ಹೊಗಳಿದ್ದೇನೆ, ಅದಕ್ಕೂ ರಸೀದಿ ಕೇಳುತ್ತಾಳಲ್ಲ ಎಂದು ನನಗೆ ಮತ್ತೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಅವಳು ಕೇಳಿದ್ದರಲ್ಲಿ ನ್ಯಾಯವಿತ್ತು. ಎಂಟು ತಲೆಗಾಗಿ ಸುಳ್ಳು ಹೇಳಲು ಬಂದವಳ ಬಾಯಿಂದ ಬಂದ ಒಳ್ಳೆಯ ಮಾತನ್ನು ಯಾರು ನಂಬುತ್ತಾರೆ? ಗಾಡಿ ಮುಂದೆ ಹೋಯಿತು.

ಸೋಮವಾರ ಬೆಳಿಗ್ಗೆ ಗುರುಗ್ರಾಮದಿಂದ ಫೋನು ಬಂತು. ಸಂಜೆಯೊಳಗೆ ಹೇಳುತ್ತೇನೆ ಎಂದಳು ಮಗಳು. ನನಗೆ ಇನ್ನು ತರಗತಿಯಲ್ಲಿ ಹಕ್ಕಿಲ್ಲವಾದರೂ ಮನೆಯಲ್ಲಿ ಕೂರಲಾಗಲಿಲ್ಲ. ಹೆಸರು ಹೊಡೆದುಹಾಕಿದ್ದಾರೆ, ಕುರ್ಚಿಯನ್ನೇನೂ ಹೊಡೆದುಹಾಕಿಲ್ಲವಲ್ಲ ಎಂದು ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ. ಆರು ಜನ ಬಂದಿದ್ದರು. ಗೈಡ್ ಬಂದಿರಲಿಲ್ಲ. ಐದೂ ಹತ್ತಾಯಿತು. ಮಗಳು ಮಾರ್ಕರಿನ ಮುಚ್ಚಳ ತೆಗೆದು ಹಾಕುತ್ತಿದ್ದಳು.

ಆಗ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತಾ ಶಪಿಸುವುದು ಕೇಳಿಸಿತು. ಗೈಡ್ ತನ್ನ ತಾಯಿಯನ್ನು ಕರೆತಂದಿದ್ದ. ಅಸ್ಸಿಯಲ್ಲಿ ಹೂವು, ದೀಪ ಮಾರುವ ಹೆಂಗಸು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಯಾವ ಭಾಷೆ, ಯಾಕೆ, ಏನೂ ಗೊತ್ತಿರಲಿಲ್ಲ. ಮಗ ಕೂತುಕೋ ಎಂದ, ಕೂತರು, ಅಷ್ಟೆ. ಡೈರೆಕ್ಟರ್ ಸಾಹೇಬರು ಕಿಟಕಿಯಿಂದ ಇಣುಕಿ ಎಣಿಸಿದರು. ನನ್ನ ಹತ್ತಿರ ಬಂದಾಗ ಬೆರಳು ಹಾರಿಸಿದರು. ಎಂಟು ಎಂದು ತಲೆಯಾಡಿಸಿ ಹೊರಟುಹೋದರು. ಮಗಳು ಅಲ್ಲಿಯೇ ಕಾರಿಡಾರಿಗೆ ಹೋಗಿ ಗುರುಗ್ರಾಮಕ್ಕೆ ಫೋನು ಮಾಡಿ, ಬರುವುದಿಲ್ಲವೆಂದು ಹೇಳಿ ಬಂದಳು. ನನಗೆ ಎದ್ದು ಕುಣಿಯಬೇಕೆನಿಸಿತು.

ಹೊಸಬರಿಗಾಗಿ ಪಾಠ ಮತ್ತೆ ಗುಣವಾಚಕದಿಂದ ಶುರುವಾಯಿತು. ಮಗಳು ಆ ತಾಯಿಯನ್ನು ಹಿಂದಿಯಲ್ಲಿ, ನಿಮ್ಮ ಮಗ ಹೇಗೆ, ಹೇಳಿ, ನಾನು ಸ್ಪ್ಯಾನಿಷ್‌ನಲ್ಲಿ ಬರೆಯುತ್ತೇನೆ ಎಂದಳು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. “ನಿಕಮ್ಮಾ ಹೌ,” ಎಂದರು. ಕೆಲಸಕ್ಕೆ ಬಾರದವನು. ಮುಂದೆ ಕರಿಯ, ಸೋಮಾರಿ, ಹಟಮಾರಿ, ಕತ್ತೆ. ಹೇಳುತ್ತಾ ಹೇಳುತ್ತಾ ಅವರ ಬಲಗೈ ಮಗನ ಅಂಗಿಯ ಕಾಲರಿಗೆ ಹತ್ತಿದ್ದ ಧೂಳನ್ನು ಒರೆಸುತ್ತಿತ್ತು. ಒರೆಸಿದ ಮೇಲೂ ಕೈ ಅಲ್ಲಿಯೇ ಇತ್ತು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಗೈಡ್. ಅಮ್ಮ ಯಾವಾಗಲೂ ಹೀಗೆಯೇ, ದೋಣಿ ಕೊಂಡ ದಿನ ಇಡೀ ಘಾಟಿಗೆ ಕೇಳುವಂತೆ ಉಲ್ಲೂ ಎಂದು ಬೈದಿದ್ದಳು ಎಂದು ಅವನು ಹೆಮ್ಮೆಯಿಂದ ಹೇಳಿಕೊಂಡ. ಮಗಳು ನಗಲಿಲ್ಲ. ಹಲಗೆಯ ಮೇಲೆ ಕೈ ಇಟ್ಟುಕೊಂಡು, ಆ ಕಾಲರಿನ ಮೇಲಿದ್ದ ಕೈಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಕೊನೆಯ ಸಾಲಿನ ಕಡೆ ತಿರುಗಿದಳು.

ಸೋಮಾರಿ, ಹಟಮಾರಿಗೆಲ್ಲ ಸ್ಪ್ಯಾನಿಷ್ ಏನೆಂದು ಅಲ್ಲಿ ಕುಳಿತಿರುವ ಸೆನ್ಯೋರಾ ಅವರಿಗೆ ಚೆನ್ನಾಗಿ ಗೊತ್ತು, ಅವರು ತಮ್ಮ ಮಗಳ ವರ್ಣನೆಯನ್ನು ಮತ್ತೊಮ್ಮೆ ಹೇಳಲಿ ಎಂದಳು. ನಾನು ಎದ್ದು ನಿಂತೆ. ಈ ಸಲ ಆ ಮಗಳು ಯಾರೆಂದು ಕೋಣೆಗೆಲ್ಲ ಗೊತ್ತಿತ್ತು. ಫ್ಲಾಕಾ ಎಂದೆ. ಮೊರೆನಾ. ತೆರ್ಕಾ. ಪೆರೆಸೋಸಾ. ಒಂದೊಂದನ್ನೂ ನಿಧಾನವಾಗಿ, ಅವಳ ಮುಖ ನೋಡುತ್ತಾ ಹೇಳಿದೆ. ಹೂವಿನ ಹೆಂಗಸು ಭಾಷೆ ಅರ್ಥವಾಗದಿದ್ದರೂ ಪ್ರತಿಯೊಂದಕ್ಕೂ ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ಹನ್ನೊಂದೂ ಮುಗಿದವು.

ಮಗಳು ಮುಯ್ ಬಿಯೆನ್ ಎನ್ನಲಿಲ್ಲ. ಮಾರ್ಕರಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

“ಇನ್ನೊಮ್ಮೆ ಹೇಳವ್ವಾ,” ಎಂದಳು.